ಖುಷ್ಕಿ, ತರಿ, ಬಾಗಾಯ್ತು

ಯಾವುದಾದರೂ ಪಹಣಿಯನ್ನು ಒಮ್ಮೆ ಕೈಗೆತ್ತಿಕೊಂಡು ನೋಡಿ. ಬೀದರಿನ ರೈತನಿರಲಿ, ಚಾಮರಾಜನಗರದ ರೈತನಿರಲಿ, ಸರ್ಕಾರದ ಕಣ್ಣಿಗೆ ಅವನ ಭೂಮಿ ಮೂರು ಬಗೆಯದು: ಖುಷ್ಕಿ, ತರಿ, ಬಾಗಾಯ್ತು. ಒಣಭೂಮಿ, ನೀರಿನ ಭೂಮಿ, ತೋಟ. ಮೂರೂ ಫಾರ್ಸಿಯಿಂದ ಬಂದ ಮಾತುಗಳು. ಖುಷ್ಕ್ ಎಂದರೆ ಒಣಗಿದ್ದು, ತರ್ ಎಂದರೆ ಒದ್ದೆ, ಬಾಗ್ ಎಂದರೆ ತೋಟ. 2000ದ ಆಸುಪಾಸಿನಲ್ಲಿ ಪಹಣಿಗಳೆಲ್ಲ ಕಂಪ್ಯೂಟರಿಗೆ ಹೋದವು. ಆ ಯೋಜನೆಗೆ 'ಭೂಮಿ' ಎಂದು ಸಂಸ್ಕೃತದ ಹೆಸರಿಟ್ಟರು. ಒಳಗಿನ ಕಾಲಂಗಳು ಮಾತ್ರ ಹಾಗೆಯೇ ಉಳಿದವು.

ಇವು ಹೊರಗಿನ ಮಾತುಗಳೆಂದು ಯಾರಿಗೂ ಅನ್ನಿಸುವುದಿಲ್ಲ. ಜಮೀನು, ಅರ್ಜಿ, ದಸ್ತಾವೇಜು, ತಹಶೀಲ್ದಾರ, ಶಿರಸ್ತೇದಾರ, ವಕೀಲ, ಜಾಮೀನು, ಕಾನೂನು. ಒಂದು ಗೇಣು ಭೂಮಿಯ ಒಡೆತನವಿಲ್ಲದ ಬಡವನ ಬಾಯಲ್ಲೂ 'ಬಗರ್ ಹುಕುಂ' ಎಂಬ ಮಾತಿದೆ. ಹುಕುಂ ಇಲ್ಲದೆ ಉಳುತ್ತಿದ್ದೇನೆ ಎಂದು ಅವನು ಫಾರ್ಸಿಯಲ್ಲೇ ಹೇಳಿಕೊಳ್ಳಬೇಕು, ಆಗಲೇ ಕಚೇರಿಗೆ ಅರ್ಥವಾಗುತ್ತದೆ.

ಈಗ ಅದೇ ಬಡವನನ್ನು ಹೊಲಕ್ಕೆ ಹಿಂಬಾಲಿಸಿ. ನೇಗಿಲು, ಕುಂಟೆ, ಕೂರಿಗೆ, ಬಿತ್ತನೆ, ಕಳೆ, ತೆನೆ, ಕಣ. ಇಲ್ಲಿ ಫಾರ್ಸಿ ಸಿಗುವುದು ಕಷ್ಟ. ಆಗೊಮ್ಮೆ ಈಗೊಮ್ಮೆ 'ಫಸಲು', 'ಹಂಗಾಮು' ಎಂಬ ಮಾತು ಎದುರಾಗುತ್ತದೆ. ಅದು ತೆರಿಗೆ ವಸೂಲಿಗೆ ಬರುವ ಕಾಲವೂ ಹೌದಲ್ಲವೇ ಎಂದು ನಮಗೆ ಅನುಮಾನ. ದುಡಿಮೆಯ ಮಾತು ದುಡಿಯುವವನ ಬಳಿ ಉಳಿಯಿತು, ಅಳೆಯುವ, ಬರೆದಿಡುವ, ವಸೂಲು ಮಾಡುವ ಮಾತು ಆಳುವವನ ಜೊತೆ ಬಂತು. ಒಂದು ಸಮಾಜ ಇನ್ನೊಂದರ ಮೇಲೆ ಯಜಮಾನಿಕೆ ಸ್ಥಾಪಿಸುವುದು ಹೇಗೆ ಎಂದು ತಿಳಿಯಲು ಯುದ್ಧಗಳ ಪಟ್ಟಿಗಿಂತ ಈ ಪಹಣಿಯೇ ನಮಗೆ ಹೆಚ್ಚು ನಂಬಿಕೆಯ ದಾಖಲೆ.

ಆದರೆ ಮಾತು ಬಂದಲ್ಲೇ ಬಂದ ಹಾಗೆ ಕೂತಿರುವುದಿಲ್ಲ. 'ರೈತ' ಎಂಬುದನ್ನೇ ನೋಡಿ. ಅದು ಅರಬ್ಬಿಯ 'ರಇಯ್ಯತ್'. ಕುರುಬನ ಕಾವಲಿನಲ್ಲಿರುವ ಮಂದೆ, ಅಂದರೆ ದೊರೆಯ ಅಂಕೆಯಲ್ಲಿರುವ ಪ್ರಜೆ ಎಂಬುದು ಅದರ ಮೂಲ ಅರ್ಥ. ತಲೆತಗ್ಗಿಸಿ ತೆರಿಗೆ ಕಟ್ಟುವವನಿಗಿದ್ದ ಹೆಸರು. 1980ರಲ್ಲಿ ನರಗುಂದ, ನವಲಗುಂದಗಳಲ್ಲಿ ರೈತರು ಬಂಡೆದ್ದರು, ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ಹಸಿರು ಶಾಲು ಹೊದ್ದು 'ನಾವು ರೈತರು' ಎಂದು ಕೂಗಿದವರು ಮಂದೆ ಎಂಬ ಅರ್ಥವನ್ನು ಮಾತಿನೊಳಗಿಂದ ಕಿತ್ತು ಬಿಸಾಡಿದ್ದರು.

ಈ ಮಾತುಗಳು ನಮ್ಮ ಕಡೆಗೆ ಬಂದ ದಾರಿ ದೊಡ್ಡದು. 1327ರಲ್ಲಿ ಮುಹಮ್ಮದ್ ಬಿನ್ ತುಘಲಕ್ ದೌಲತಾಬಾದನ್ನು ರಾಜಧಾನಿ ಮಾಡಿದಾಗ ದಿಲ್ಲಿಯ ಸುತ್ತಿನ ಸಿಪಾಯಿಗಳು, ಗುಮಾಸ್ತರು, ಕಸುಬುದಾರರು, ಸೂಫಿಗಳು ದಖನ್ನಿಗೆ ಬಂದರು. 1347ರಲ್ಲಿ ಗುಲ್ಬರ್ಗದಲ್ಲಿ ಬಹಮನಿ ರಾಜ್ಯ ಎದ್ದಿತು. ತಲೆಮಾರು ಕಳೆದಂತೆ ಬಂದವರ ಮಕ್ಕಳು ದಿಲ್ಲಿಯನ್ನು ಮರೆತು 'ದಖನಿ'ಗಳಾದರು. ಆಮೇಲೆ ಇರಾನ್ ಕಡೆಯಿಂದ ಹಡಗು ಹತ್ತಿ ಹೊಸಬರು ಬಂದರು, ಅವರಿಗೆ 'ಆಫಾಕಿ'ಗಳು ಎಂದು ಹೆಸರು. ದಖನಿಗಳಿಗೆ ಇವರನ್ನು ಕಂಡರಾಗದು. ನಾವು ಈ ಮಣ್ಣಿನವರು, ನೀವು ಹೊರಗಿನವರು ಎಂಬ ಜಗಳ ಬಹಮನಿ ದರ್ಬಾರನ್ನು ಒಳಗಿನಿಂದಲೇ ತಿಂದುಹಾಕಿತು. ಗೀಲಾನಿನಿಂದ ಬಂದ ಮಹಮೂದ್ ಗವಾನ್ 1472ರಲ್ಲಿ ಬೀದರಿನಲ್ಲಿ ಮದರಸಾ ಕಟ್ಟಿದ. ಅದರ ನೀಲಿ ಹಂಚಿನ ತುಣುಕುಗಳು ಇನ್ನೂ ಗೋಡೆಗೆ ಅಂಟಿಕೊಂಡಿವೆ. ವಿರೋಧಿಗಳು ಸೃಷ್ಟಿಸಿದ ಒಂದು ಸುಳ್ಳು ಪತ್ರವನ್ನು ನಂಬಿ 1481ರಲ್ಲಿ ಸುಲ್ತಾನ ಅವನ ತಲೆ ತೆಗೆಸಿದ. ಇಬ್ಬರೂ ಮುಸಲ್ಮಾನರೇ. ಒಳಗಿನವರು, ಹೊರಗಿನವರು ಎಂಬ ಗೆರೆ ಎಳೆಯಲು ಧರ್ಮ ಬೇರೆಯೇ ಆಗಿರಬೇಕೆಂದಿಲ್ಲ. ಮೊದಲು ಬಂದು ಕೂತವನಿಗೆ ಆಮೇಲೆ ಬಂದವನು ಪರಕೀಯ, ಅಷ್ಟೇ.

ಬಿಜಾಪುರದಲ್ಲಿ ಕತೆ ಇನ್ನೊಂದು ಸುತ್ತು ತಿರುಗಿತು. ಆ ದರ್ಬಾರಿನಲ್ಲೇ ಕೂತು ಚರಿತ್ರೆ ಬರೆದ ಫಿರಿಶ್ತಾ ಹೇಳುವಂತೆ, 1534ರಲ್ಲಿ ಪಟ್ಟಕ್ಕೆ ಬಂದ ಮೊದಲನೆಯ ಇಬ್ರಾಹಿಂ ಆದಿಲ್ ಶಾಹ ಲೆಕ್ಕಪತ್ರಗಳನ್ನು ಫಾರ್ಸಿಯಿಂದ ಬಿಡಿಸಿ ದೇಶೀ ಮಾತಿಗೆ ಒಪ್ಪಿಸಿದ, ಅದರ ಉಸ್ತುವಾರಿ ಬ್ರಾಹ್ಮಣರ ಕೈಗೆ ಹೋಯಿತು. ಸಿಂಹಾಸನದ ಮೇಲೆ ಕೂತವನು ಸುಲ್ತಾನ, ಖಜಾನೆಯಲ್ಲಿ ಎಷ್ಟಿದೆಯೆಂದು ಗೊತ್ತಿದ್ದವನು ಕುಲಕರ್ಣಿ. ಇವರಲ್ಲಿ ಯಾರು ಯಾರನ್ನು ಆಳಿದರು? ಉತ್ತರ ಪಾಠಪುಸ್ತಕದಲ್ಲಿ ಇರುವಷ್ಟು ಸುಲಭವಲ್ಲ. ಹೊಲದಲ್ಲಿದ್ದ ಕನ್ನಡದ ಒಕ್ಕಲಿಗನಿಗೆ ಮಾತ್ರ ಉತ್ತರ ಸುಲಭವಿತ್ತು. ಇಬ್ಬರೂ.

ತುಂಗಭದ್ರೆಯ ಆಚೆ ದಂಡೆಯಲ್ಲೂ ಹೀಗೆಯೇ. ವಿಜಯನಗರದ ಮೊದಲ ಅರಸರು ಶಾಸನಗಳಲ್ಲಿ ತಮ್ಮನ್ನು 'ಹಿಂದೂರಾಯ ಸುರತ್ರಾಣ' ಎಂದು ಕರೆದುಕೊಂಡರು. ಸುರತ್ರಾಣ ಎಂದರೆ ಸುಲ್ತಾನ. ಶತ್ರುವಿನ ಬಿರುದು ಅವರಿಗೆ ಹೆಮ್ಮೆಯ ಬಿರುದಾಗಿತ್ತು. ದರ್ಬಾರಿನ ಉಡುಪು ಕೂಡ ಪಶ್ಚಿಮ ಏಷ್ಯಾದ ಮಾದರಿಯದು: ಮೈಮೇಲೆ ನಿಲುವಂಗಿ, ಅದಕ್ಕೆ 'ಕಬಾಯಿ' ಎಂದು ಅರಬ್ಬಿಯ ಹೆಸರು. ತಲೆಯ ಮೇಲೆ ಉದ್ದನೆಯ ಟೋಪಿ, ಅದು ಫಾರ್ಸಿಯ 'ಕುಲಾಹ್'. ಲೇಪಾಕ್ಷಿಯ ಗುಡಿಯ ಚಿತ್ರಗಳಲ್ಲಿ ಆ ಟೋಪಿ ಇಟ್ಟ ಗಣ್ಯರು ಇಂದಿಗೂ ಸಾಲಾಗಿ ನಿಂತಿದ್ದಾರೆ. ಸಾಮ್ರಾಜ್ಯ ಹೋಯಿತು, ಗಣ್ಯರು ಹೋದರು. ಟೋಪಿಯ ಹೆಸರು ಕನ್ನಡದಲ್ಲಿ ಉಳಿಯಿತು. ನಮ್ಮ ಉತ್ತರ ಕರ್ನಾಟಕದಲ್ಲಿ ಹಸುಗೂಸಿನ ತಲೆಗೆ ತಾಯಂದಿರು ಕಟ್ಟುವ 'ಕುಲಾವಿ' ಅದೇ. 1565ರ ರಕ್ಕಸತಂಗಡಿ ಯುದ್ಧದ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ, ಇನ್ನೂ ಬರೆಯುತ್ತಾರೆ. ಕುಲಾವಿಯ ಬಗ್ಗೆ ಬರೆಯುವವರು ಕಡಿಮೆ.

ದರ್ಬಾರಿನ ಮಾತು ಇಷ್ಟಾಯಿತು. ನಮಗೆ ಇನ್ನೂ ಮುಖ್ಯವೆನಿಸುವುದು ಬೀಸುಕಲ್ಲಿನ ಮಾತು. ಬಿಜಾಪುರದ ಸೂಫಿಗಳು, ಮೀರಾಂಜಿ, ಅವರ ಮಗ ಬುರಹಾನುದ್ದೀನ್ ಜಾನಮ್ ಮೊದಲಾದವರು, ಅರಬ್ಬಿ ಫಾರ್ಸಿ ಬಲ್ಲ ವಿದ್ವಾಂಸರು. ಆದರೂ ದಖನಿಯಲ್ಲಿ ಬರೆದರು. ಜನರಿಗೆ ತಿಳಿಯುವುದು ಈ ಮಾತು, ಆದ್ದರಿಂದ ಇದರಲ್ಲೇ ಹೇಳುತ್ತೇವೆ ಎಂಬ ಸಮಜಾಯಿಷಿಯನ್ನೂ ಕೊಟ್ಟರು. ಈ ಪರಂಪರೆಯಲ್ಲಿ 'ಚಕ್ಕಿನಾಮಾ', 'ಚರ್ಖಾನಾಮಾ' ಎಂಬ ಪದಗಳು ಹುಟ್ಟಿದವು. ಬೀಸುತ್ತ, ನೂಲುತ್ತ ಹೆಂಗಸರು ಹಾಡುವ ಹಾಡುಗಳು. ಬೀಸುಕಲ್ಲಿನ ಗೂಟ, ಕಲ್ಲಿನ ತಿರುಗು, ಉದುರುವ ಹಿಟ್ಟು, ಇವುಗಳಲ್ಲೇ ಅಲ್ಲಾಹನ ಏಕತೆಯನ್ನು, ಪೀರನ ದಾರಿಯನ್ನು ಹೇಳುವ ಹಾಡುಗಳು. ಇತಿಹಾಸಕಾರ ರಿಚರ್ಡ್ ಈಟನ್ 1978ರಲ್ಲಿ ಬಿಜಾಪುರದ ಸೂಫಿಗಳ ಮೇಲೆ ಬರೆದ ಪುಸ್ತಕದಲ್ಲಿ ಈ ಹಾಡುಗಳಿಗೆ ದೊಡ್ಡ ಜಾಗ ಕೊಟ್ಟಿದ್ದಾನೆ. ಖಡ್ಗದಿಂದ ಬಂತೋ, ಆಮಿಷದಿಂದ ಬಂತೋ ಎಂದು ಟಿವಿಯಲ್ಲಿ ಕಚ್ಚಾಡುವ ಪಂಡಿತರಿಗೆ, ಅಡುಗೆಮನೆಯಲ್ಲಿ ಬೀಸುತ್ತಾ ಕೂತ ಹೆಂಗಸು ನೆನಪಾಗುವುದೇ ಇಲ್ಲ.

ಆ ಹಾಡಿನ ರೂಪ ಯಾರದು? ಕನ್ನಡದಲ್ಲಿ ಬೀಸುವ ಪದಗಳಿವೆ, ಮರಾಠಿಯಲ್ಲೂ ಇವೆ. ಬೀಸುಕಲ್ಲು ಮೊದಲೇ ಹಾಡುತ್ತಿತ್ತು, ಸೂಫಿ ಬಂದು ಅದರ ಪಕ್ಕ ಕೂತ. ಪೀರನ ಮಾತು ಹೆಂಗಸಿನ ದನಿಯನ್ನು ಬದಲಿಸಿತು, ಹೆಂಗಸಿನ ದನಿ ಪೀರನ ಮಾತನ್ನು ಬದಲಿಸಿತು. ನಮ್ಮ ಕಡೆ ಮೊಹರಮ್ಮಿನಲ್ಲಿ ಹಾಡುವ ರಿವಾಯತ್ ಪದಗಳೂ ಹಾಗೆಯೇ. ಹೆಸರು ಅರಬ್ಬಿ, ಕತೆ ಕರ್ಬಲದ್ದು, ಭಾಷೆ ಅಪ್ಪಟ ಕನ್ನಡ. ಹಾಡುವವರಲ್ಲಿ, ಹೆಜ್ಜೆ ಹಾಕುವವರಲ್ಲಿ ಮುಸ್ಲಿಮರಲ್ಲದವರೇ ಎಷ್ಟೋ ಊರುಗಳಲ್ಲಿ ಹೆಚ್ಚು.

ದಖನಿ ಭಾಷೆಯೇ ಈ ಕೊಡುಕೊಳೆಯ ಕೂಸು. ಬೇಡ ಎನ್ನಲು ನಾವು 'ನಕ್ಕೊ' ಎನ್ನುತ್ತೇವೆ. ಅದು ಮರಾಠಿಯ 'ನಕೊ'. ಒತ್ತಿ ಹೇಳಲು ಮಾತಿನ ಕೊನೆಗೆ ಹಚ್ಚುವ 'ಚ' ಕೂಡ ಮರಾಠಿಯದೇ. 'ಬರ್ತೀನಿ ಅಂತ ಹೇಳಿದ' ಎನ್ನುವುದನ್ನು 'ಆತೂಂ ಬೋಲ್ಕೆ ಬೋಲ್ಯಾ' ಎನ್ನುತ್ತೇವೆ. ದಿಲ್ಲಿಯ ಉರ್ದುವಿನಲ್ಲಿ ಈ 'ಬೋಲ್ಕೆ' ಇಲ್ಲ. ಅದು ಕನ್ನಡದ 'ಅಂತ', ತೆಲುಗಿನ 'ಅನಿ', ಉರ್ದುವಿನ ಅಂಗಿ ತೊಟ್ಟು ಕೂತಿದೆ. ದಿಲ್ಲಿಯವರು 'ಮೈಂನೆ ರೋಟಿ ಖಾಯೀ' ಎಂದರೆ ನಾವು 'ಮೈಂ ರೋಟಿ ಖಾಯಾ' ಎನ್ನುತ್ತೇವೆ. ತಿಂದದ್ದು ರೊಟ್ಟಿಯೆಂದು ಕ್ರಿಯಾಪದ ಹೆಣ್ಣಾಗುವುದು ನಮಗೆ ಒಗ್ಗಲಿಲ್ಲ, 'ನಾನು ರೊಟ್ಟಿ ತಿಂದೆ' ಎಂಬ ಕನ್ನಡದ ಜಾಡಿನಲ್ಲೇ ನಾಲಗೆ ಹರಿಯುತ್ತದೆ. ಎರಡನೆಯ ಇಬ್ರಾಹಿಂ ಆದಿಲ್ ಶಾಹ ಈ ದಖನಿಯಲ್ಲಿ 'ಕಿತಾಬೆ ನವರಸ್' ಬರೆದ, ಸರಸ್ವತಿಯನ್ನೂ ಗಣಪತಿಯನ್ನೂ ಗೇಸೂದರಾಜರನ್ನೂ ಒಂದೇ ಪುಸ್ತಕದಲ್ಲಿ ನೆನೆದ. ನುಸ್ರತಿ ಇದೇ ಭಾಷೆಯಲ್ಲಿ ದೊಡ್ಡ ಕಾವ್ಯಗಳನ್ನು ಬರೆದ.

1686ರಲ್ಲಿ ಬಿಜಾಪುರ ಔರಂಗಜೇಬನ ಪಾಲಾಯಿತು, ಮರುವರ್ಷ ಗೋಲ್ಕೊಂಡ. ಗೆದ್ದವನ ಭಾಷೆ ಸೋತವನ ಭಾಷೆಯನ್ನು ನುಂಗಿತು ಎಂದು ಇಲ್ಲಿಗೆ ನಿಲ್ಲಿಸಬಹುದಿತ್ತು. ಆದದ್ದು ಸ್ವಲ್ಪ ಬೇರೆ. ದಖನಿನ ಕವಿ ವಲಿ 1700ರಲ್ಲಿ ದಿಲ್ಲಿಗೆ ಹೋದ, ಸುಮಾರು 1720ರ ಹೊತ್ತಿಗೆ ಅವನ ದಿವಾನ್ ಅಲ್ಲಿಗೆ ತಲುಪಿತು. ಅಲ್ಲಿಯವರೆಗೆ ಫಾರ್ಸಿಯಲ್ಲಿ ಬರೆಯುವುದೇ ಘನತೆ ಎಂದುಕೊಂಡಿದ್ದ ದಿಲ್ಲಿಯ ಕವಿಗಳು, ಓಹೋ, ಬೀದಿಯ ಮಾತಿನಲ್ಲೂ ಇಂಥ ಗಜಲ್ ಸಾಧ್ಯವೇ ಎಂದು ಬೆರಗಾದರು. ಸೋತ ನಾಡು ಗೆದ್ದ ನಾಡಿಗೆ ಕಾವ್ಯ ಕಲಿಸಿತು. ಕಲಿತ ಮೇಲೆ ದಿಲ್ಲಿಯವರು ಭಾಷೆಯನ್ನು ತೊಳೆದು, ಸೋಸಿ, ದೇಶೀ ಮಾತುಗಳನ್ನು ಹೆಕ್ಕಿ ಹೊರಗಿಟ್ಟರು. ಉಳಿದದ್ದು ಶುದ್ಧ ಉರ್ದು, ನಮ್ಮದು ಅಶುದ್ಧ. ವಲಿಯ ಗೋರಿ ಅಹಮದಾಬಾದಿನಲ್ಲಿತ್ತು. 2002ರಲ್ಲಿ ಅದನ್ನು ನೆಲಸಮ ಮಾಡಿ ಮೇಲೆ ಡಾಂಬರು ಹಾಕಿದರು.

ಉರ್ದು ಶಾಲೆಯಲ್ಲಿ ನಮ್ಮ ತಲೆಮಾರಿನ ಮಕ್ಕಳು ಮೊದಲು ಕಲಿತದ್ದು ಅಮ್ಮನ ಮಾತು ತಪ್ಪು ಎಂಬುದನ್ನು. 'ನಕ್ಕೊ ನಹೀ, ನಹೀ ಚಾಹಿಯೆ ಕಹೋ' ಎಂದು ಉಸ್ತಾದರು ಬೆತ್ತ ತೋರಿಸುತ್ತಿದ್ದರು. ಮನೆಗೆ ಬಂದರೆ ಆ ಉಸ್ತಾದರ ಬೀವಿಯೂ ನಕ್ಕೊ ಎನ್ನುತ್ತಿದ್ದರು, ಉಸ್ತಾದರೂ ಎನ್ನುತ್ತಿದ್ದರು. ಆಮೇಲೆ ಕನ್ನಡ ಹೈಸ್ಕೂಲು. ಅಲ್ಲಿ ಮೆಚ್ಚುಗೆಯ ಮಾತೇ ಚುಚ್ಚುತ್ತಿತ್ತು: 'ಸಾಬರಾದ್ರೂ ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತೀರಿ!' ಸಿನಿಮಾಕ್ಕೆ ಹೋದರೆ ಹಿಂದಿಯ ಪರದೆಯ ಮೇಲೆ ಮೆಹಮೂದ್ ನಮ್ಮ ಹೈದರಾಬಾದಿ ಮಾತಾಡಿ ನಗಿಸುತ್ತಿದ್ದ. ಕನ್ನಡದ ಪರದೆಯ ಮೇಲೆ ಒಬ್ಬ ಸಾಬಿ 'ನಮ್ದೂಕೆ ನಿಮ್ದೂಕೆ' ಎಂದು ನಗಿಸುತ್ತಿದ್ದ. ಎರಡೂ ಕಡೆ ನಾವು ವಿದೂಷಕರು. ನಕ್ಕವರಲ್ಲಿ ನಾವೂ ಇದ್ದೆವು, ಹಾಸ್ಯ ಚೆನ್ನಾಗಿಯೇ ಇರುತ್ತಿತ್ತು.

ಇದನ್ನು ಬರೀ ನಮ್ಮ ಗೋಳಾಗಿ ಹೇಳಿದರೆ ಅರ್ಧ ಸತ್ಯವಾದೀತು. ನಿಜಾಮರ ಕಾಲದಲ್ಲಿ ಬೀದರ್, ಗುಲ್ಬರ್ಗ, ರಾಯಚೂರುಗಳಲ್ಲಿ ಕಚೇರಿ ಉರ್ದು, ಕೋರ್ಟು ಉರ್ದು, ಮೇಲಿನ ಶಿಕ್ಷಣ ಉರ್ದು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ವಿಜ್ಞಾನವನ್ನೂ ಉರ್ದುವಿನಲ್ಲಿ ಕಲಿಸಿದರು, ಇದೊಂದು ಸಾಹಸವೇ ಸರಿ. ಆದರೆ ಮನೆಯಲ್ಲಿ ಕನ್ನಡವಾಡುವ ಮಗುವಿಗೆ ಆ ಸಾಹಸದಲ್ಲಿ ಜಾಗ ಎಲ್ಲಿತ್ತು? ತನ್ನ ಊರಿನಲ್ಲೇ ಅರ್ಜಿ ಬರೆಸಲು ಇನ್ನೊಬ್ಬನ ಮುಂದೆ ಕೈಕಟ್ಟಿ ನಿಲ್ಲುವ ಅವಮಾನ ಏನೆಂದು ನಮಗೆ ಗೊತ್ತಿರಬೇಕಾಗಿತ್ತು. ಧಾರವಾಡದ ಕಡೆ ಮರಾಠಿಯಿಂದ ಕನ್ನಡಿಗರಿಗೆ ಇದೇ ಆಗಿತ್ತು. ಡೆಪ್ಯುಟಿ ಚನ್ನಬಸಪ್ಪನವರಂಥವರು ಹಟ ಹಿಡಿದು ಕನ್ನಡ ಶಾಲೆ ತೆರೆದ ಮೇಲೆ ಅಲ್ಲಿ ಗಾಳಿ ತಿರುಗಿತು. ಇನ್ನು ನಮ್ಮೊಳಗಿನ ಯಜಮಾನಿಕೆ: ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು, ಮನೆಯಲ್ಲಿ ಕನ್ನಡವನ್ನೇ ಆಡುವ ಪಿಂಜಾರರು, ಇವರಿಗೆ ಉರ್ದು ಬರುವುದಿಲ್ಲವೆಂದು ಕೊಂಚ ಕಡಿಮೆ ಮುಸ್ಲಿಮರೆಂಬಂತೆ ಕಾಣುವವರು ನಮ್ಮ ಜಮಾಅತ್‌ಗಳಲ್ಲಿ ಇಂದಿಗೂ ಇದ್ದಾರೆ. ದಿಲ್ಲಿಯವನು ನಮಗೆ ಮಾಡಿದ್ದನ್ನು ನಾವು ಪಿಂಜಾರನಿಗೆ ಮಾಡುತ್ತೇವೆ.

1948ರ ಸೆಪ್ಟೆಂಬರಿನಲ್ಲಿ ಎಲ್ಲ ತಿರುಗುಮುರುಗಾಯಿತು. ರಜಾಕಾರರ ಹಾವಳಿಯ ಬೆನ್ನಲ್ಲೇ ಪೊಲೀಸ್ ಕಾರ್ಯಾಚರಣೆ, ಅದರ ಬೆನ್ನಲ್ಲೇ ಬಡ ಮುಸ್ಲಿಮರ ಮೇಲೆ ಸೇಡು. ಕೇಂದ್ರ ಸರ್ಕಾರವೇ ಕಳುಹಿಸಿದ ಪಂಡಿತ ಸುಂದರಲಾಲ್ ಸಮಿತಿ, ಕಾರ್ಯಾಚರಣೆಯ ವೇಳೆ ಮತ್ತು ಅನಂತರ 27ರಿಂದ 40 ಸಾವಿರ ಜನ ಸತ್ತಿರಬಹುದೆಂದು ಅಂದಾಜು ಮಾಡಿತು. ಆ ವರದಿ ಜನರ ಕೈಗೆ ಸಿಗಲು 2013 ಬರಬೇಕಾಯಿತು. ನಮ್ಮ ಮನೆಗಳಲ್ಲಿ ಹಿರಿಯರು ಆ ವರ್ಷದ ಬಗ್ಗೆ ಮಾತಾಡುತ್ತಿರಲಿಲ್ಲ. ಯಾರಾದರೂ ಕೇಳಿದರೆ ಚಹಾ ತರಿಸುತ್ತಿದ್ದರು.

ಅದೇ ಉರ್ದು ಆಳ್ವಿಕೆಯ ಬೂದಿಯಿಂದ ಇನ್ನೊಂದು ಚಿಗುರಿತು. ರಾಯಚೂರಿನ ಶಾಂತರಸರು ಗಜಲನ್ನು ಕನ್ನಡಕ್ಕೆ ತಂದರು, ಮಗಳು ಮುಕ್ತಾಯಕ್ಕ ಅದನ್ನು ಮುಂದುವರಿಸಿದರು. ಇಂದು ಕಲ್ಯಾಣ ಕರ್ನಾಟಕದ ಯಾವ ಕವಿಗೋಷ್ಠಿಗೆ ಹೋದರೂ ಗಜಲಿನ ಕಾಟ ತಪ್ಪಿದ್ದಲ್ಲ! ಹೇರಿದ ಭಾಷೆಯಿಂದ ತಮಗೆ ಬೇಕಾದ್ದನ್ನು ಆರಿಸಿ ಇಟ್ಟುಕೊಳ್ಳುವ ಜಾಣತನ ಈ ಮಣ್ಣಿನ ಜನರಿಗೆ ಯಾವತ್ತೂ ಇತ್ತು. ಗುಲ್ಬರ್ಗದ ಸುಲೈಮಾನ್ ಖತೀಬ್ ಅಂಥ ಇನ್ನೊಬ್ಬರು. ವಿದೂಷಕನ ಭಾಷೆ ಎಂದು ಲೋಕ ನಗುತ್ತಿದ್ದ ದಖನಿಯನ್ನೇ ಹಿಡಿದು ಅತ್ತೆ ಸೊಸೆಯರ ಕಷ್ಟ ಬರೆದರು. ಮುಷಾಯಿರಾದಲ್ಲಿ ನಗಲು ಕೂತ ಜನ ಕವಿತೆ ಮುಗಿಯುವ ಹೊತ್ತಿಗೆ ಕಣ್ಣೊರೆಸಿಕೊಳ್ಳುತ್ತಿದ್ದರು.

1994ರ ಅಕ್ಟೋಬರಿನಲ್ಲಿ ನಾವು ಹೈಸ್ಕೂಲಿನಲ್ಲಿದ್ದೆವು. ಬೆಂಗಳೂರು ದೂರದರ್ಶನದಲ್ಲಿ ಹತ್ತು ನಿಮಿಷದ ಉರ್ದು ವಾರ್ತೆ ಶುರುವಾದದ್ದಕ್ಕೆ ಗಲಭೆ ಎದ್ದು 20ಕ್ಕೂ ಹೆಚ್ಚು ಜನ ಸತ್ತರು. ಆ ವಾರ್ತೆಯ ಉರ್ದು ನಮ್ಮ ಅಮ್ಮಂದಿರು ಆಡುವ ಮಾತೇ ಆಗಿರಲಿಲ್ಲ. ಅಡುಗೆಮನೆಯಲ್ಲಿ ಯಾರಿಗೂ ಪೂರ್ತಿ ಅರ್ಥವಾಗದ ಹತ್ತು ನಿಮಿಷಕ್ಕಾಗಿ ಅಷ್ಟು ಮನೆಗಳ ದೀಪ ಆರಿದವು. ಮುಂದೆ 2017ರಲ್ಲಿ ನಮ್ಮ ಮೆಟ್ರೋ ನಿಲ್ದಾಣಗಳ ಹಿಂದಿ ಫಲಕಗಳ ವಿರುದ್ಧ ಕೂಗೆದ್ದಾಗ ನಾವೂ ದನಿ ಸೇರಿಸಿದೆವು. ಪಕ್ಕದಲ್ಲಿದ್ದ ಗೆಳೆಯರೊಬ್ಬರು ಕೇಳಿದರು, 'ನಿಮಗೇನ್ರಿ ತೊಂದರೆ, ನಿಮಗೆ ಹಿಂದಿ ಬರುತ್ತಲ್ಲ?'

ನಾವು ಕತೆ ಬರೆಯುವವರು. ಕನ್ನಡದಲ್ಲಿ ಬರೆಯುತ್ತೇವೆ, ನಮ್ಮ ಪಾತ್ರಗಳು ದಖನಿಯಲ್ಲಿ ಯೋಚಿಸುತ್ತವೆ. 2025ರಲ್ಲಿ ಬಾನು ಮುಷ್ತಾಕ್ ಅವರ ಕತೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ನಮಗಾದ ಸಂತೋಷದಲ್ಲಿ ಇದೂ ಇತ್ತು: ಇಂಥ ಮನೆಗಳ ಮಾತು ಕನ್ನಡದ ಮೂಲಕವೇ ಅಷ್ಟು ದೂರ ಹೋಯಿತು. ಅದಾದ ಸ್ವಲ್ಪ ದಿನಕ್ಕೆ ನಮ್ಮ ಕತೆಯೊಂದರ ಕರಡು ಒಂದು ಪತ್ರಿಕೆಯಿಂದ ತಿದ್ದಲು ಬಂತು. 'ನಕ್ಕೊ' ಇದ್ದ ಕಡೆಯೆಲ್ಲ ಕೆಂಪು ಗೆರೆ, ಅಂಚಿನಲ್ಲಿ 'ಅರ್ಥ ಕೊಡಿ' ಎಂಬ ಸೂಚನೆ. ಅದೇ ಕತೆಯಲ್ಲಿ ಅರ್ಜಿ ಇತ್ತು, ವಕೀಲರಿದ್ದರು, ಜಾಮೀನಿತ್ತು, ಎರಡು ಎಕರೆ ಖುಷ್ಕಿಯೂ ಇತ್ತು. ಅವುಗಳ ಕೆಳಗೆ ಗೆರೆ ಇರಲಿಲ್ಲ. ಇರಾನಿನಿಂದ ದಂಡಿನ ಹಿಂದೆ ಬಂದ ಮಾತು ಕನ್ನಡದ್ದಾಗಿತ್ತು, ಭೀಮಾ ತೀರದ ನೆರೆಮನೆಯಿಂದ ಅಡುಗೆಮನೆಯ ಬಾಗಿಲಿನಿಂದ ಬಂದ ಮಾತು ಪರಭಾಷೆಯಾಗಿತ್ತು.

ಸಂಪಾದಕರಿಗೆ ಇದನ್ನೇ ಬರೆದು ಕಳಿಸಿದೆವು. ಒಳ್ಳೆಯ ಮನುಷ್ಯ, ಒಪ್ಪಿಕೊಂಡರು. ಕತೆ ಟಿಪ್ಪಣಿ ಇಲ್ಲದೆ ಅಚ್ಚಾಯಿತು. ಅರ್ಥವಾಗಲಿಲ್ಲ ಎಂದು ಯಾರೂ ಪತ್ರ ಬರೆಯಲಿಲ್ಲ. ಬೆಳಗಾವಿ ಕಡೆಯ ಹಿರಿಯರೊಬ್ಬರು ಮಾತ್ರ ಫೋನ್ ಮಾಡಿ, 'ನಕೊ ಅನ್ನೋದು ನಮ್ಮ ಮಾತಲ್ರೀ, ನಿಮ್ಮವರ ಬಾಯಿಗೆ ಅದು ಹ್ಯಾಂಗ ಬಂತು?' ಎಂದು ಕೇಳಿದರು. ಆ ದಿನ ಅವರೊಡನೆ ಮುಕ್ಕಾಲು ಗಂಟೆ ಮಾತಾಯಿತು. ಅವರ ಮನೆಯಲ್ಲಿ ಇನ್ನೂ ಬೀಸುಕಲ್ಲಿದೆಯಂತೆ, ಅಂಗಳದಲ್ಲಿ ತುಳಸಿಯ ಪಕ್ಕ ಇಟ್ಟಿದ್ದಾರಂತೆ.